ಮಾತಾಡೋ ಕಂಪ್ಯೂಟರಿನ ಮೇವಿನ ಖರ್ಚು

ನನಗೆ ಹುಟ್ಟಿನಿಂದಲೂ ಕಣ್ಣು ಕಾಣುವುದಿಲ್ಲ. ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ತೊಂಬತ್ತರ ದಶಕದಲ್ಲಿ, ಪರದೆಯ ಮೇಲಿನ ಇಂಗ್ಲಿಷನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಕಂಪ್ಯೂಟರೊಂದು ನಮ್ಮ ಮನೆಗೆ ಬಂತು. ಆಮೇಲೆ ನಗುವುದಕ್ಕೆ ನಾವು ಬೇರೆ ಕಡೆ ಹೋಗಬೇಕಾಗಲಿಲ್ಲ.

೧. ಒಳಗಿದ್ದ ನೆಂಟ

ಡೈರಿಗೆ ಹಾಲು ಹಾಕಿ ಬಂದ ಅವ್ವ, ರೂಮಿನೊಳಗೆ ಯಾರೋ ಇಂಗ್ಲಿಷ್ ಮಾತಾಡುವುದನ್ನು ಕೇಳಿ ಎರಡು ಲೋಟ ಕಾಫಿ ತಂದಳು.

"ಯಾರೂ ಬಂದಿಲ್ಲ ಕಣವ್ವ, ಮಾತಾಡ್ತಿರೋದು ಕಂಪ್ಯೂಟರು" ಅಂದೆ.

ಅವ್ವ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು. "ಪಾಪ, ಮೂಗಲ್ಲೇ ಮಾತಾಡ್ತದಲ್ಲ. ನೆಗಡಿ ಆಗೈತೇನೋ. ಮೆಣಸಿನ ಕಷಾಯ ಕಾಯಿಸ್ಲಾ?"

೨. ಮೂಗುದಾರ

ಎರಡು ವರ್ಷ ಕಳೆಯುವುದರೊಳಗೆ ಕಾಲೇಜಿನವರು ಹೊಸ ಕಂಪ್ಯೂಟರು ತರಿಸಿದರು. ಅವರ ಫೈಲು ನನ್ನದರಲ್ಲಿ ತೆರೆಯಲಿಲ್ಲ. ತೆರೆಯುವ ಹೊಸ ಪ್ರೋಗ್ರಾಮು ಹಾಕಿಸಿದರೆ, ಅದನ್ನು ಓದಿ ಹೇಳುವ ಸಾಫ್ಟ್‌ವೇರೂ ಹೊಸದು ಬೇಕಾಯಿತು. ಅದಕ್ಕೆ ಹೆಚ್ಚು ಮೆಮೊರಿ, ಮೆಮೊರಿಗೆ ಹೊಸ ಬೋರ್ಡು, ಬೋರ್ಡಿಗೆ ಹೊಸ ಪೆಟ್ಟಿಗೆ.

ಅಪ್ಪ ಲೊಚಗುಟ್ಟಿದ. "ಮೂಗುದಾರ ತರಕ್ಕೋದ್ರೆ ಎತ್ನೇ ಬದ್ಲಾಯ್ಸು ಅಂತಾರಲ್ಲಾ! ಈ ಕಾಸಿಗೆ ಎರಡು ಸೀಮೆಹಸ ಬರವು ಕಣ್ಲಾ. ಹಾಲಾದ್ರೂ ಕರೆಯವು."

"ಅವು ಇಂಗ್ಲಿಷ್ ಓದ್ತವಾ ಅಪ್ಪ?"

"ಓದದಿದ್ರೆ ಬುಡ್ಲಾ, ವರ್ಸ ವರ್ಸ ಬೋರ್ಡು ಕೇಳಕಿಲ್ವಲ್ಲ!"

೩. ದೊಡ್ಡ ಪರದೆ

ಬೈದುಕೊಂಡೇ ಅಪ್ಪ ನನ್ನನ್ನು ಮೈಸೂರಿನ ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯವನಿಗೆ ಉತ್ಸಾಹ. "ಹೆಂಗೂ ಎಲ್ಲಾ ಹೊಸದು ಸಾರ್, ಮಾನಿಟರೂ ದೊಡ್ಡದು ಹಾಕಿಸ್ಕೊಳ್ಳಿ. ಬಣ್ಣ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ!"

"ನನಗೆ ಕಣ್ಣು ಕಾಣಲ್ಲ ಕಣಪ್ಪ."

ಪಾಪ, ಅವನು ತಬ್ಬಿಬ್ಬಾದ. ಆಮೇಲೆ ಅಕ್ಕರೆಯಿಂದಲೇ ಅಂದ: "ಹಂಗಾದ್ರೆ ಇನ್ನೂ ದೊಡ್ಡದು ತಗೊಳ್ಳಿ ಸಾರ್."

೪. ಗುಟ್ಟಿನ ಪತ್ರಿಕೆ

ಅಷ್ಟೆಲ್ಲ ಖರ್ಚಾದ ಮೇಲೆ, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು ಬೇಡ ಅಂತ ಉಳಿತಾಯ ಮಾಡಿದೆ. ಕಂಪ್ಯೂಟರಿನ ಜೊತೆಗೇ ಸ್ಪೀಕರು ಬಂದಿತ್ತಲ್ಲ.

ಪರೀಕ್ಷೆ ಹತ್ತಿರ ಬಂತು. ಅಲ್ಲಿಯವರೆಗೆ ಪ್ರಶ್ನೆಪತ್ರಿಕೆಯನ್ನು ನಾನು ಹೇಳಿ ಇನ್ನೊಬ್ಬರ ಕೈಲಿ ಬರೆಸುತ್ತಿದ್ದೆ. ಈ ಸಲ ನಾನೇ ಟೈಪು ಮಾಡಿದೆ. ನನ್ನ ಪ್ರಶ್ನೆ ನನ್ನೊಬ್ಬನಿಗೇ ಗೊತ್ತು ಅನ್ನುವ ಹೆಮ್ಮೆಗೆ ಎದೆ ಉಬ್ಬಿತ್ತು. ಬಾಗಿಲಿಗೆ ಅಗುಳಿ ಹಾಕಿ, ತಪ್ಪು ನೋಡಲು ಕಂಪ್ಯೂಟರಿಗೆ ಮೊದಲಿಂದ ಓದಲು ಹೇಳಿದೆ. ಅದು ಒಂದೊಂದೇ ಪ್ರಶ್ನೆಯನ್ನು ಗಂಟಲೆತ್ತಿ ಓದಿತು.

ಓದಿ ಮುಗಿಯಿತು. ಸೆಕೆಗೆಂದು ತೆರೆದಿಟ್ಟಿದ್ದ ಕಿಟಕಿಯ ಆಚೆಯಿಂದ ನನ್ನ ವಿದ್ಯಾರ್ಥಿನಿಯೊಬ್ಬಳ ದನಿ ಬಂತು, ಬಹಳ ವಿನಯವಾಗಿ:

"ಸಾರ್, ನಾಲ್ಕನೇ ಪ್ರಶ್ನೆ ಇನ್ನೊಂದ್ಸಲ ಓದ್ಸಿ ಸಾರ್. ಹಿಂದುಗಡೆ ನಿಂತಿರೋರಿಗೆ ಕೇಳಿಸ್ಲಿಲ್ವಂತೆ."