ನಲವತ್ಮೂರು ಮುಖಗಳ ಪೋಸ್ಟರ್

"ಗುರು, ನಲವತ್ಮೂರು ಫೋಟೋ ಕಳ್ಸಿದೀಯ, ಒಂದೂ ಓಪನ್ ಆಗ್ತಿಲ್ಲ. ಐಫೋನ್ ಫೋಟೋಗಳ ಜಾತಿನೇ ಬೇರೆ. ಎಲ್ಲಾ ಜೆಪಿಜಿ ಮಾಡ್ಕೊಡು, ಹನ್ನೊಂದಕ್ಕೆ ಪ್ರಿಂಟ್ ಹಾಕ್ತೀನಿ," ಎಂದು ಪ್ರೆಸ್ಸಿನ ಯಶ್ವಂತ್ ಫೋನ್ ಇಟ್ಟಾಗ ಬೆಳಿಗ್ಗೆ ಗಂಟೆ ಹತ್ತೂವರೆ.

ಸಿದ್ಧಾರ್ಥ ಲಗುಬಗೆಯಿಂದ ಕಂಪ್ಯೂಟರ್ ಆನ್ ಮಾಡಿದ. ಅತ್ತಿಗುಪ್ಪೆಯ ಅವನ ಬೀದಿಯಲ್ಲಿ ಪ್ರತಿ ವರ್ಷ ಅಣ್ಣಮ್ಮ ದೇವಿಯನ್ನು ಕೂರಿಸುವ ಉತ್ಸವ ಸಮಿತಿಗೆ ಆರು ವರ್ಷದಿಂದ ಅವನೇ ಕಾರ್ಯದರ್ಶಿ. ಅಂದರೆ ಶಾಮಿಯಾನಾದವನ ಹಿಂದೆ ಓಡಾಟ, ಪೊಲೀಸ್ ಠಾಣೆಯಲ್ಲಿ ಕಾಯುವುದು, ಮೈಕಿನವನ ಜತೆ ಜಗಳ. ಸಾಕಾಗಿತ್ತು. ಈ ಕೆಲಸದಿಂದ ಬಿಡಿಸಿ ಎಂದು ಅಧ್ಯಕ್ಷ ಮುನಿರಾಮಯ್ಯನವರನ್ನು ಕಾಡಿ ಬೇಡಿದ ಮೇಲೆ, "ಈ ಪೋಸ್ಟರೊಂದು ನೆಟ್ಟಗೆ ಮಾಡ್ಕೊಡಪ್ಪ, ಬಿಟ್ಬಿಡ್ತೀನಿ ನಿನ್ನ," ಎಂದಿದ್ದರು.

ಪೋಸ್ಟರಿಗೂ ಒಂದು ಶಾಸ್ತ್ರವಿದೆ. ಅಧ್ಯಕ್ಷರ ಮುಖ ಕುಂಬಳಕಾಯಿಯಷ್ಟು, ಖಜಾಂಚಿಯದು ತೆಂಗಿನಕಾಯಿಯಷ್ಟು, 'ಶುಭ ಕೋರುವವರು' ಹುರಿಗಡಲೆಯಷ್ಟು. ಸಿದ್ಧಾರ್ಥ ತನ್ನ ಫೋನಿನಲ್ಲೇ ಒಂದೊಂದು ಮುಖವನ್ನೂ ಅದರದರ ಅಂತಸ್ತಿಗೆ ತಕ್ಕಂತೆ ಕತ್ತರಿಸಿದ್ದ.

ಅವನ್ನೆಲ್ಲ ಒಂದೊಂದಾಗಿ ಬದಲಿಸಲು ಈಗ ಹೊತ್ತೆಲ್ಲಿ? ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದು ಸಾಲಿನ ಕಮ್ಯಾಂಡ್ ಹಾಕಿದರೆ ರಾಶಿ ಫೋಟೋ ಒಂದೇ ಏಟಿಗೆ ಜೆಪಿಜಿಯಾಗುತ್ತವೆ. ತಾನು ಕೆಲಸ ಮಾಡುವ ಫ್ಯಾಕ್ಟರಿಯ ಐಡಿ ಕಾರ್ಡುಗಳಿಗೆ ಬಳಸಿದ್ದ ಸಾಲೊಂದು ಇತ್ತು. ಅದನ್ನೇ ತಂದು ಅಂಟಿಸಿದ.

ಅಷ್ಟರಲ್ಲಿ ಎದುರುಮನೆಯ ಅಂಜನಮ್ಮ ಕಿಟಕಿಗೆ ಬಂದರು. "ಏನೋ ಸಿದ್ದೂ, ನನ್ ಮೂಗುತಿ ಕಾಣತ್ತೇನೋ? ಹೋದ್ ವರ್ಷ ಮೂಗೇ ಕಾಣ್ಲಿಲ್ಲ!"

"ಕಾಣತ್ತೆ ಆಂಟಿ," ಎನ್ನುತ್ತ ಎಂಟರ್ ಒತ್ತಿದ.

ಪರದೆ ಬಾಯಿ ಬಿಡಲಿಲ್ಲ. ಕಮ್ಯಾಂಡಿನ ಸ್ವಭಾವವೇ ಅದು: ಹೇಳಿದ್ದನ್ನು ಮಾಡುತ್ತದೆ, ಹೇಳಿದ್ದು ಸರಿಯೇ ಎಂದು ಕೇಳುವುದಿಲ್ಲ. ಬಂದ ಫೋಟೋಗಳನ್ನು ತೆರೆದೂ ನೋಡದೆ ಕಳಿಸಿಬಿಟ್ಟ. ಆ ಸಾಲಿನ ನಡುವೆ ಫೋಟೋವನ್ನು ಐಡಿ ಕಾರ್ಡಿನ ಅಳತೆಗೆ ತರುವ ಆದೇಶ ಹಾಗೇ ಉಳಿದಿತ್ತು. ಅವಸರದಲ್ಲಿದ್ದ ಯಶ್ವಂತ್ ಬಂದದ್ದು ಬಂದ ಹಾಗೆ ಜೋಡಿಸಿದ.

ಹನ್ನೆರಡಕ್ಕೆ ಬೀದಿಯ ಗೋಡೆಗಳ ಮೇಲೆಲ್ಲ ಪೋಸ್ಟರ್. ನಲವತ್ಮೂರು ಮುಖಗಳೂ ಎರಕ ಹೊಯ್ದಂತೆ ಒಂದೇ ಗಾತ್ರ!

"ನಾನೆಲ್ಲೋ ಇದೀನಿ ಇದ್ರಲ್ಲಿ?" ಮುನಿರಾಮಯ್ಯ ಕನ್ನಡಕ ಒರೆಸಿಕೊಂಡರು.

"ಮೂರ್ನೇ ಸಾಲು ಸಾರ್. ಹೂವಿನ ನೀಲಮ್ಮಂಗೂ ಇಸ್ತ್ರಿ ಮಹದೇವಂಗೂ ಮಧ್ಯ," ಸಿದ್ಧಾರ್ಥ ಬೆರಳಿಟ್ಟು ತೋರಿಸಿದ.

"ಹನ್ನೆರಡು ವರ್ಷದ ಅಧ್ಯಕ್ಷನ್ನ ಹುಡುಕ್ಬೇಕೇನೋ? ಇವತ್ತಿಂದ ನೀನು ಕಮಿಟೀಲಿಲ್ಲ. ನಡಿ!"

ಆ ಬೈಗುಳ ಸಿದ್ಧಾರ್ಥನ ಕಿವಿಗೆ ಜೇನು ಸುರಿದಂತಾಯಿತು. "ಥ್ಯಾಂಕ್ಸ್ ಸಾರ್," ಎಂದು ಹೊರಟವನಿಗೆ ಬೀದಿಗೆ ಬೀದಿಯೇ ಅಡ್ಡ ನಿಂತಿತ್ತು.

"ಯಾರ್ರೀ ಅವನ್ನ ತೆಗೆಯೋದು?" ಅಂಜನಮ್ಮ ಸೆರಗು ಬಿಗಿದರು. "ನಮ್ಮನ್ನೂ ಮನುಷ್ಯರು ಅಂತ ತೋರ್ಸಿದವನು ಅವನೊಬ್ನೇ. ಸಿದ್ದೂನೇ ಅಧ್ಯಕ್ಷ ಆಗ್ಲಿ! ಎಲ್ರೂ ಕೈ ಎತ್ತಿ!"

"ಅಯ್ಯೋ ಆಂಟಿ, ಅದು ತಪ್ಪಾಗಿ ಆಗಿದ್ದು..."

"ನೋಡ್ರೀ, ಎಷ್ಟು ವಿನಯ!" ಮಹದೇವ ಚಪ್ಪಾಳೆ ತಟ್ಟಿದ.

ಸಿದ್ಧಾರ್ಥ ದಿಕ್ಕುಗೆಟ್ಟು ಕೈಗಳನ್ನು ಎಣಿಸಿದ. ಪೋಸ್ಟರಿನವರಲ್ಲಿ ಅವನನ್ನೂ ಮುನಿರಾಮಯ್ಯನವರನ್ನೂ ಬಿಟ್ಟರೆ ನಲವತ್ತೊಂದು ಇರಬೇಕಿತ್ತು. ನಲವತ್ತೆರಡು ಇದ್ದವು. ಎಲ್ಲಕ್ಕಿಂತ ಎತ್ತರದ ಕೈ ಮುನಿರಾಮಯ್ಯನವರದು.

ಅವರು ಬಂದು ಸಮಿತಿಯ ಉಗ್ರಾಣದ ಬೀಗದಕೈ ಗೊಂಚಲನ್ನು ಅವನ ಅಂಗೈಗೆ ಒತ್ತಿ, ಕಿವಿಯ ಹತ್ತಿರ ಬಾಗಿದರು.

"ಹತ್ತು ವರ್ಷದಿಂದ ಬಿಡ್ಬೇಕು ಅಂತಿದ್ದೆ ಕಣೋ, ಒಬ್ಬನೂ ಸಿಕ್ಕಿರ್ಲಿಲ್ಲ. ಸುಮ್ನೆ ನಾನೇ ನಿನ್ ಹೆಸ್ರು ಹೇಳಿದ್ರೆ ಇವ್ರು ಒಪ್ತಿದ್ರಾ? ಅದಕ್ಕೇ ಸ್ವಲ್ಪ ಬೈದೆ."