ಫೋನ್ ಇಡುವುದು ಎಂದರೆ

ಯಂತ್ರಗಳ ಬಗ್ಗೆ ನನಗೆ ಇರುವುದು ಒಂದೇ ಅಭಿಪ್ರಾಯ: ಅವು ಊರವರ ಮುಂದೆ ನೆಟ್ಟಗೆ ನಡೆದುಕೊಂಡು, ಮನೆಯವರ ಮುಂದೆ ನಮ್ಮ ಮಾನ ಕಳೆಯುತ್ತವೆ. ರೋಣದ ಬಸ್ ನಿಲ್ದಾಣದ ಎದುರು ನನ್ನದೊಂದು ಅಂಗಡಿ. ಮೊದಲು ಎಸ್‌ಟಿಡಿ ಬೂತು, ಆಮೇಲೆ ಕಂಪ್ಯೂಟರ್ ಟೈಪಿಂಗ್, ಕೊನೆಗೆ ಮೊಬೈಲ್ ರಿಪೇರಿ. ಬೋರ್ಡು ಎರಡು ಸಲ ಬದಲಾಯಿತು, ಫಜೀತಿ ಮಾತ್ರ ಬದಲಾಗಲಿಲ್ಲ.

೧. ದೊಡ್ಡ ಫಾಂಟು

ನನ್ನ ತಂಗಿಯ ಮದುವೆ. ಸ್ವಂತ ಕಂಪ್ಯೂಟರ್ ಇದ್ದಮೇಲೆ ಲಗ್ನಪತ್ರಿಕೆಯನ್ನು ಬೇರೆಯವರ ಕೈಗೆ ಕೊಡುವುದುಂಟೆ? ಅವ್ವ ಹೆಸರು ಹೇಳುತ್ತ ಹೋದಳು, ನಾನು ಟೈಪು ಮಾಡುತ್ತ ಹೋದೆ. ‘ಸುಖಾಗಮನ ಬಯಸುವವರು’ ಎಂಬುದರ ಕೆಳಗೆ ಕಾಕಾ, ಮಾಮಾ, ಬೀಗರು ಎಲ್ಲ ಮುಗಿದ ಮೇಲೆ ಕಡೆಯ ಸಾಲಿನಲ್ಲಿ ಸೂಡಿಯ ದೊಡ್ಡಪ್ಪ, ದೊಡ್ಡವ್ವ. ದೊಡ್ಡವ್ವ ಎಂದರೆ ಅವ್ವನ ಒಡಹುಟ್ಟಿದ ಅಕ್ಕ, ಇರುವವಳೇ ಒಬ್ಬಳು.

ನನ್ನ ಪರದೆಯ ಮೇಲೆ ಎಲ್ಲರೂ ಒಂದೇ ಪುಟದಲ್ಲಿ ಚೆಂದವಾಗಿ ಕೂತಿದ್ದರು. ಫ್ಲಾಪಿಯಲ್ಲಿ ತುಂಬಿಕೊಂಡು ಹೋಗಿ ಗದಗಿನ ಪ್ರೆಸ್ಸಿಗೆ ಕೊಟ್ಟು ಬಂದೆ. ಅಲ್ಲಿಯ ಕಂಪ್ಯೂಟರಿನಲ್ಲಿ ನನ್ನ ಫಾಂಟು ಇರಲಿಲ್ಲ. ಅದು ತನ್ನದೇ ಒಂದನ್ನು ಹಾಕಿಕೊಂಡಿತು, ಅಕ್ಷರಗಳು ಒಂದು ಎಳೆ ದೊಡ್ಡವಾದವು, ಕಡೆಯ ಸಾಲು ಎರಡನೆಯ ಪುಟಕ್ಕೆ ಜಾರಿತು. ಪ್ರೆಸ್ಸಿನವರು ಛಾಪಿಸಿದ್ದು ಮೊದಲನೆಯ ಪುಟ ಮಾತ್ರ. ನಾನು ಮದುಮಗಳ ಹೆಸರು ಸರಿ ಇದೆಯೇ ಎಂದಷ್ಟೇ ನೋಡಿ, ಕಟ್ಟು ಹೊತ್ತು ತಂದು ಹಂಚಿಬಿಟ್ಟೆ.

ದೊಡ್ಡವ್ವ ಮದುವೆಗೆ ಬಂದಳು, ಅಕ್ಕಿಕಾಳು ಹಾಕಿದಳು, ಊಟಕ್ಕೆ ಕೂಡದೆ ಬಸ್ ನಿಲ್ದಾಣಕ್ಕೆ ನಡೆದಳು. ಹೆಸರಿಲ್ಲದವರಿಗೆ ಎಲೆ ಯಾಕೆ ಎಂದಳಂತೆ. ನಾನು ಬೆನ್ನು ಹತ್ತಿ ಓಡಿ, ತಪ್ಪು ಅವ್ವನದಲ್ಲ, ಗದಗಿನಲ್ಲಿ ಫಾಂಟು ದೊಡ್ಡದಾಯಿತು ಎಂದು ತಿಳಿಸಿ ಹೇಳಿದೆ. ಬಸ್ಸು ಹತ್ತುತ್ತ ಒಂದೇ ಮಾತು ಅಂದಳು:

“ಫಾಂಟ್ ದೊಡ್ಡದಾತು, ದೊಡ್ಡವ್ವ ಸಣ್ಣಾಕಿ ಆದ್ಲು. ಆತ್ ಬಿಡಪಾ.”

೨. ತಿದ್ದಿದ ಪತ್ರಿಕೆ

ಅಂದಿನಿಂದ ಅಕ್ಕತಂಗಿಯರ ಮಾತು ನಿಂತಿತು. ಬಂದವರೆದುರು ಅವ್ವ ಕಂಪ್ಯೂಟರನ್ನು ಬೈಯುತ್ತಿದ್ದಳು, ಅಕ್ಕನ ಹೆಸರು ಮಾತ್ರ ಎತ್ತುತ್ತಿರಲಿಲ್ಲ. ಆದರೆ ಹೋಳಿಗೆ ಮಾಡಿದ ದಿನ ಮೊದಲನೆಯದನ್ನು ತೆಗೆದು ಬೇರೆ ಇಡುತ್ತಿದ್ದಳು. ಯಾರಿಗೆ ಎಂದು ಕೇಳಿದರೆ ಆಕಳಿಗೆ ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಆಕಳೇ ಇರಲಿಲ್ಲ.

ಮೂರು ವರ್ಷ ಇದನ್ನು ನೋಡಿ ನನಗೇ ತಡೆಯಲಾಗಲಿಲ್ಲ. ಕಂಪ್ಯೂಟರಿನ ಒಂದೇ ಒಂದು ಒಳ್ಳೆಯ ಗುಣವೆಂದರೆ ಮಾಡಿದ ತಪ್ಪನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತದೆ. ಹಳೆಯ ಪತ್ರಿಕೆಯನ್ನು ತೆರೆದು, ದೊಡ್ಡವ್ವನ ಹೆಸರನ್ನು ಎಲ್ಲಕ್ಕಿಂತ ಮೇಲೆ, ಮದುಮಕ್ಕಳ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಹಾಕಿ ಒಂದೇ ಪ್ರತಿ ತೆಗೆದೆ. ಬಾಜೂ ಅಂಗಡಿಯ ಬಳೆಗಾರ ಚಾಚಾ ವಾರಕ್ಕೊಮ್ಮೆ ಬಳೆ ಮಾರಲು ಸೂಡಿಗೆ ಹೋಗುತ್ತಿದ್ದರು. ಅವರ ಕೈಯಲ್ಲಿ ಕೊಟ್ಟು ಕಳಿಸಿದೆ.

ಸಂಜೆ ಬಸ್ಸಿಳಿದು ಬಂದ ಚಾಚಾ ನಗು ತಡೆದುಕೊಂಡೇ ಹೇಳಿದರು: “ಪತ್ರಿಕಿ ಇಸ್ಕೊಂಡ್ರಪಾ. ಆದ್ರ ಮೂರ ವರ್ಷದ ಹಿಂದಿನ ಲಗ್ನಕ್ಕ ಯಾವ ಬಸ್ಸಿಗೆ ಹೋಗ್ಲಿ ಅಂತ ಕೇಳಿಕೊಂಡ್ ಬಾ ಅಂದಾರ.”

೩. ಸೌಮ್ಯ ಹೆಂಗಸು

ಚಾಚಾ ಇನ್ನೊಂದು ಕೆಲಸ ಮಾಡಿ ಬಂದಿದ್ದರು. ದೊಡ್ಡವ್ವನ ಮನೆಗೆ ಮೊಬೈಲ್ ಬಂದಿತ್ತು. ಅದರ ನಂಬರನ್ನು ಬಳೆ ಸುತ್ತುವ ಕಾಗದದ ಮೇಲೆ ಬರೆಸಿಕೊಂಡು ತಂದಿದ್ದರು.

ನಾನು ಅವ್ವನಿಗೊಂದು ಚೈನಾ ಸೆಟ್ಟು ಕೊಟ್ಟೆ. ಆ ಸೆಟ್ಟುಗಳ ಬಗ್ಗೆ ಜನ ಏನೇ ಅನ್ನಲಿ, ದನಿಯ ವಿಷಯದಲ್ಲಿ ಅವಕ್ಕೆ ಸರಿಸಾಟಿ ಇಲ್ಲ. ಕಿವಿಗೆ ಹಿಡಿಯಲು ಅವ್ವ ಒಲ್ಲೆ ಎಂದದ್ದಕ್ಕೆ ಸ್ಪೀಕರ್ ಸದಾ ಹಚ್ಚಿಯೇ ಇರುತ್ತಿತ್ತು. ಒಳಗೆ ಮಾತಾಡಿದರೆ ಓಣಿಗೆಲ್ಲ ಕೇಳುತ್ತಿತ್ತು.

ಎರಡು ದಿನ ಫೋನನ್ನು ದೂರದಿಂದಲೇ ನೋಡಿದ ಅವ್ವ ಮೂರನೆಯ ದಿನ ನಂಬರ್ ಒತ್ತಿಸಿದಳು. ಸೂಡಿಯಲ್ಲಿ ಸಿಗ್ನಲ್ ಇರಲಿಲ್ಲ. ‘ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ, ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ’ ಎಂದು ಒಬ್ಬ ಹೆಂಗಸು ಹೇಳಿದಳು. ಅವ್ವ ತಲೆದೂಗುತ್ತ ಪೂರ್ತಿ ಕೇಳಿದಳು.

“ಎಷ್ಟ್ ಸೌಮ್ಯ ಮಾತಾಡ್ತಾಳ ನೋಡು. ಈಕೀನ ನಮ್ಮಕ್ಕನ ಮನ್ಯಾಗ ಒಂದ್ ವಾರ ಇಟ್ರ ಚಲೋ ಆಕ್ಕಿತ್ತು.”

೪. ಬಿಡದ ಮಿಸ್ ಕಾಲ್

ಸಿಗ್ನಲ್ ಬಂದ ಮೇಲೂ ಅವ್ವ ಮಾತಾಡಲಿಲ್ಲ. ಒಂದು ರಿಂಗ್ ಆದಕೂಡಲೇ ಕಟ್ ಮಾಡು ಎಂದು ನನಗೆ ಹೇಳಿದಳು. ಅರ್ಧ ತಾಸಿಗೆ ಸೂಡಿಯಿಂದಲೂ ಒಂದು ರಿಂಗ್ ಬಂದು ನಿಂತಿತು. ಅವ್ವನ ಮುಖ ಅರಳಿತು. ಅಲ್ಲಿಂದ ಮುಂದೆ ದಿನಾ ಮಧ್ಯಾಹ್ನ ಇದೇ ನಡೆಯಿತು. ಇಲ್ಲಿಂದ ಒಂದು, ಅಲ್ಲಿಂದ ಒಂದು. ಆರಾಮ ಇದ್ದೀಯಾ, ಇದ್ದೇನೆ, ಅಷ್ಟೇ. ಇಷ್ಟು ಮಾಡುವವರು ಎರಡು ಮಾತು ಆಡಬಾರದೇ ಎಂದು ಕೇಳಿದರೆ ಅವ್ವನಿಗೆ ಸಿಟ್ಟು ಬಂತು.

“ನಾವು ಮಾತ ಬಿಟ್ಟೀವಿ. ಮಿಸ್ ಕಾಲ್ ಬಿಟ್ಟಿಲ್ಲ.”

೫. ಇಟ್ಟ ಫೋನು

ಅವ್ವ ಫೋನ್ ಕಲಿತದ್ದು ನನ್ನ ಬೂತಿನಲ್ಲಿ. ಅಲ್ಲಿ ‘ಇಡ್ತೀನಿ’ ಎಂದು ರಿಸೀವರ್ ಇಟ್ಟರೆ ಮುಗಿಯಿತು. ಮೊಬೈಲನ್ನೂ ಆಕೆ ಹಾಗೆಯೇ ಇಡುತ್ತಿದ್ದಳು, ಗೋಡೆಯಲ್ಲಿನ ದೇವರ ಮಾಡದಲ್ಲಿ. ಕೆಂಪು ಗುಂಡಿ ಒತ್ತಬೇಕು ಎಂದು ಎಷ್ಟು ಸಲ ಹೇಳಿದರೂ, ಇಟ್ಟೀನಲ್ಲಪಾ ಎನ್ನುತ್ತಿದ್ದಳು.

ಒಂದು ದಿನ ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಬರುವುದು ತಡವಾಯಿತು. ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮುಖ ಸಪ್ಪಗಿತ್ತು. ತಾನೇ ಹಸಿರು ಗುಂಡಿ ಒತ್ತಿ, ಒಂದು ರಿಂಗ್ ಕೇಳಿ, ಫೋನ್ ಇಟ್ಟಳಂತೆ. ಎಷ್ಟು ಹೊತ್ತಾದರೂ ಸೂಡಿಯಿಂದ ತಿರುಗಿ ರಿಂಗ್ ಬಂದಿಲ್ಲವಂತೆ. ಅಕ್ಕನಿಗೆ ಏನಾಯಿತೋ ಎಂದು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಖರೇ ಹೇಳ್ಲೇನು? ಕಂಪ್ಯೂಟರಿನ ತಪ್ಪೇನಿಲ್ಲ. ಅಕ್ಕನ ಹೆಸರ ಕಡೀಕ ಬರಿಸಿದಾಕಿ ನಾನ. ಬೀಗರಿಗೆ ಬ್ಯಾಸರ ಆಗ್ತೈತಂತ ಅವರನ್ನ ಮುಂದ ಹಾಕಿದೆ. ಅಕ್ಕ ಅಂದ್ರ ನಮ್ಮಾಕಿ, ಎಲ್ಲಿ ಹಾಕಿದ್ರೂ ನಡೀತೈತಿ ಅಂದ್ಕೊಂಡೆ. ಆಕಿ ಹಂಗ ರೊಟ್ಟಿ ಬಡಿಯಾಕ ನನಗ ಇನ್ನೂ ಬರಂಗಿಲ್ಲ. ಈ ಮಾತ ಆಕಿಗೆ ಹೇಳಬ್ಯಾಡ ಮತ್ತ, ತಲಿ ಮ್ಯಾಲ ಕೂಡ್ತಾಳ.”

ಅಷ್ಟರಲ್ಲಿ ದೇವರ ಮಾಡದಿಂದ ದನಿ ಬಂತು: “ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕು, ಹೊತ್ತತೈತಿ.”

ಅವ್ವ ಹಿಟ್ಟಿನ ಕೈಯಲ್ಲೇ ದೇವರಿಗೆ ಕೈ ಮುಗಿದಳು.

“ನಾ ನಿಮ್ಮಕ್ಕ,” ಎಂದಿತು ದೇವರ ಮಾಡ. “ಬಡಿಯೂ ಸಪ್ಪಳ ನಿಂತು ಎಷ್ಟೊತ್ತಾತು?”

ಅವ್ವ ಇಟ್ಟ ಫೋನು ಕಟ್ ಆಗಿರಲಿಲ್ಲ, ರೊಟ್ಟಿ ಬಡಿಯುವ ಸಪ್ಪಳದಲ್ಲಿ ಮುಂದಿನ ರಿಂಗುಗಳು ಆಕೆಗೆ ಕೇಳಿರಲಿಲ್ಲ. ಒಂದೇ ರಿಂಗಿಗೆ ನಿಲ್ಲಬೇಕಾದ್ದು ನಿಲ್ಲದೆ ಬಾರಿಸುತ್ತಲೇ ಇದ್ದದ್ದಕ್ಕೆ ದೊಡ್ಡವ್ವ ಹೆದರಿದ್ದಳು. ತಂಗಿಗೆ ಏನೋ ಆಗಿದೆ ಎಂದು ಎತ್ತಿದವಳು, ಅಷ್ಟು ಹೊತ್ತೂ ಉಸಿರು ಬಿಗಿಹಿಡಿದು ರೊಟ್ಟಿಯ ಸಪ್ಪಳ ಕೇಳುತ್ತ ಕೂತಿದ್ದಳು. ಅವ್ವ ಅಳತೊಡಗಿದಳು. ನನಗೂ ಕಣ್ಣು ತುಂಬಿ ಬಂತು.

“ಅಳಬ್ಯಾಡ,” ಎಂದಳು ದೊಡ್ಡವ್ವ. “ಆ ಲಗ್ನಕ್ಕ ಬರೂ ಬಸ್ ಸಂಜೀಕ ಐತಿ. ಬರ್ತೀನಿ. ಈಗ ಫೋನ್ ಇಡು, ಹೂರಣಕ್ಕ ಬ್ಯಾಳಿ ಇಡು.”

ಅವ್ವ ಕಣ್ಣೊರೆಸಿಕೊಂಡು ಫೋನನ್ನು ಮತ್ತೆ ಮಾಡದಲ್ಲಿ ಇಟ್ಟಳು, ಒಲೆಯ ಮೇಲೆ ಬೇಳೆ ಇಟ್ಟಳು. ನಾನು ಕೆಂಪು ಗುಂಡಿ ಒತ್ತಲು ಹೋದೆ. ಸೂಡಿಯಲ್ಲಿ ದೊಡ್ಡವ್ವನೂ ಫೋನನ್ನು ಬರೀ ಇಟ್ಟಿದ್ದಳು. ಆಕೆ ದೊಡ್ಡಪ್ಪನಿಗೆ ಹೇಳುವುದು ನಮ್ಮ ಓಣಿಗೆಲ್ಲ ಕೇಳಿತು:

“ಹೋಳಿಗಿ ಮಾತ್ರ ತಂಗಿ ಕೈಯಾನ್ವು ನನಕಿಂತ ಚಲೋ ಆಗ್ತಾವ್ರಿ. ಈ ಮಾತ ಆಕಿಗೆ ಹೇಳಬ್ಯಾಡ್ರಿ ಮತ್ತ, ತಲಿ ಮ್ಯಾಲ ಕೂಡ್ತಾಳ.”

ಅವ್ವ ಥಟ್ಟನೆ ನನ್ನ ಕೈ ಹಿಡಿದಳು. “ಮುಟ್ಟಬ್ಯಾಡ,” ಎಂದು ಪಿಸುಗುಟ್ಟಿದಳು. “ಇಟ್ಟಿದ್ದು ಇಟ್ಟಂಗ ಇರ್ಲಿ.”