ವಾಸನೆ ಪರೀಕ್ಷಕಿಯ ಮೂಗು

ಮೀನಿಗೆ ಮೀನಿನ ವಾಸನೆ ಇರತಕ್ಕದ್ದಲ್ಲ ಎಂಬುದು ಈ ಕಾರ್ಖಾನೆಯ ಮೊದಲನೆಯ ನಿಯಮ. ಎರಡನೆಯ ನಿಯಮವೊಂದು ಬೇಕೆಂದು ಬಹಳ ಕಾಲ ಯಾರಿಗೂ ಅನಿಸಿರಲಿಲ್ಲ.

ಸಮುದ್ರದಲ್ಲಿ ಬೇಕಾದಷ್ಟು ಸಿಗುವ, ಯಾರೂ ಹೆಸರು ಹಿಡಿದು ಕೇಳದ ಬಿಳಿ ಮೀನು ಇಲ್ಲಿಗೆ ಲಾರಿಗಟ್ಟಲೆ ಬರುತ್ತದೆ. ಮುಳ್ಳು ತೆಗೆದು, ಅರೆದು, ತಣ್ಣೀರಲ್ಲಿ ಮತ್ತೆ ಮತ್ತೆ ತೊಳೆದು ಹಿಂಡಿದರೆ, ತಾನು ಮೀನಾಗಿದ್ದೆ ಎಂಬುದನ್ನೇ ಮರೆತ ಬಿಳಿ ಹಿಟ್ಟು ಉಳಿಯುತ್ತದೆ. ಅದಕ್ಕೆ ಸಕ್ಕರೆ, ಪಿಷ್ಟ, ಬಣ್ಣ, ಪರಿಮಳ ಬೆರೆಸಿ ಬೆಳಿಗ್ಗೆ ಏಡಿ ಮಾಡುತ್ತಾರೆ, ಮಧ್ಯಾಹ್ನ ಸೀಗಡಿ. ಆರ್ಡರ್ ಇದ್ದರೆ ಸಂಜೆ ಕೋಳಿ.

ತೊಳೆಯುವ ತೊಟ್ಟಿಗೂ ಬೆರೆಸುವ ಯಂತ್ರಕ್ಕೂ ನಡುವೆ ಒಂದು ಕುರ್ಚಿ. ಅದರ ಮೇಲೆ ವಾಸನೆ ಪರೀಕ್ಷಕಿ. ಎಲ್ಲರ ಬಾಯಲ್ಲಿ ಮೂಗಿನಕ್ಕ. ಅವಳು ಮೂಸಿ ತಲೆ ಅಲ್ಲಾಡಿಸಿದರೆ ಹಿಟ್ಟು ಮತ್ತೆ ತೊಟ್ಟಿಗೆ. ಕೆಲಸ ಬಿಟ್ಟು ಕೂತ ಗಂಡ, ತಾಯಿಯಿಲ್ಲದ ಮೊಮ್ಮಗಳು, ಇಬ್ಬರ ಹೊಟ್ಟೆಪಾಡೂ ಆ ಮೂಗಿನ ಮೇಲೆಯೇ ನಡೆಯುತ್ತಿತ್ತು.

ಹೀಗಿರುವಾಗ ಅವಳಿಗೆ ನೆಗಡಿ ಬಂತು. ನೆಗಡಿ ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು.

"ಯಾರಿಗೂ ಹೇಳ್ಬೇಡ," ಎಂದ ಗಂಡ. "ಮೂಗು ಮುಖದ ಮೇಲೇ ಇದೆಯಲ್ಲ, ನೋಡೋರಿಗೆ ಅಷ್ಟು ಸಾಕು."

ಅವಳು ಕೂತಳು, ಮೂಸಿದಳು, ಎಲ್ಲವನ್ನೂ ಪಾಸು ಮಾಡಿದಳು. ಒಮ್ಮೆ ತೊಳೆದದ್ದೂ ಪಾಸು, ತೊಳೆಯಲು ಮರೆತದ್ದೂ ಪಾಸು. ನೀರಿನ ಖರ್ಚು ಇಳಿದು ಉತ್ಪಾದನೆ ಏರಿತು. ವ್ಯವಸ್ಥಾಪಕರು ಹಿಗ್ಗಿ, ಅವಳನ್ನು ವರ್ಷದ ಶ್ರೇಷ್ಠ ಮೂಗು ಎಂದು ಘೋಷಿಸಿ, ಅವಳ ಮನೆಗೆ ದಿನಾ ಪುಕ್ಕಟೆ ಏಡಿ ಮಂಜೂರು ಮಾಡಿದರು. ಅವಳಿಗೆ ಮಾತ್ರ ಒಳಗೊಳಗೇ ಸಂಕಟ. ಕೆಲಸ ಹೋದೀತೆಂಬ ಭಯ ಒಂದು ಕಡೆ, ಮೊಮ್ಮಗಳ ನೆತ್ತಿ ಮೂಸಿದರೆ ಏನೂ ಸಿಗುವುದಿಲ್ಲವಲ್ಲ ಎಂಬ ದುಃಖ ಇನ್ನೊಂದು ಕಡೆ. ದುಃಖದ ತೂಕವೇ ಹೆಚ್ಚಿತ್ತು.

ಒಂದು ಬೆಳಿಗ್ಗೆ, ಕುರ್ಚಿಯಲ್ಲಿ ಕೂತಿದ್ದಾಗಲೇ ವಾಸನೆ ಮರಳಿತು. ಮುಂದಿದ್ದ ಹಿಟ್ಟನ್ನು ಇನ್ನೊಮ್ಮೆ ಮೂಸಿ ನೋಡಿದಳು. ಸೀದಾ ವ್ಯವಸ್ಥಾಪಕರ ಕೋಣೆಗೆ ಹೋದಳು.

"ಸಾರ್, ಇಷ್ಟು ದಿನ ನಂಗೆ ವಾಸನೆ ಗೊತ್ತಾಗ್ತಾನೇ ಇರ್ಲಿಲ್ಲ. ಈಗ ಗೊತ್ತಾಗ್ತಿದೆ. ನಮ್ಮ ಏಡಿ ಮೀನು ನಾರ್ತಿದೆ."

ವ್ಯವಸ್ಥಾಪಕರು ಕನ್ನಡಕ ತೆಗೆದಿಟ್ಟರು. "ನೋಡಮ್ಮ, ನಿಮ್ಮ ಮೂಗು ಕೆಟ್ಟಿದ್ದಾಗ ಎಲ್ಲಾ ಸರಿಯಿತ್ತು. ಅದು ಸರಿಯಾದ ಮೇಲೆ ಎಲ್ಲಾ ಕೆಟ್ಟಿದೆ. ತಪ್ಪು ಹಿಟ್ಟಲ್ಲಿದೆಯೋ, ಮೂಗಲ್ಲಿದೆಯೋ? ನೀವೇ ಹೇಳಿ."

"ಮೂಗಲ್ಲೇ ಸಾರ್," ಎಂದಳು. ಕೆಲಸ ಬೇಕಿತ್ತು.

ಎರಡನೆಯ ನಿಯಮ ಅಂದೇ ಹೊರಬಿತ್ತು: "ಪರೀಕ್ಷಕರ ಮೂಗು ಕೆಲಸದ ವೇಳೆಯಲ್ಲಿ ಕೆಲಸ ಮಾಡತಕ್ಕದ್ದಲ್ಲ. ತಪ್ಪಿದಲ್ಲಿ ಸದರಿ ಮೂಗಿನ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು." ಉಗ್ರಾಣದಿಂದ ಬಟ್ಟೆ ಒಣಹಾಕುವ ಕ್ಲಿಪ್ ಒಂದನ್ನು ಮೂಗಿಗೆಂದು ಕೊಟ್ಟು ರುಜು ಹಾಕಿಸಿಕೊಂಡರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಮಾತು ಎಲ್ಲರಿಗೂ ಗೊತ್ತು. ನೆಗಡಿ ವಾಸಿಯಾಯಿತೆಂದು ಮೂಗು ಕಳೆದುಕೊಂಡವಳು ಇವಳೊಬ್ಬಳೇ.

ಅಷ್ಟರಲ್ಲಿ ಪೇಟೆಯಿಂದಲೂ ದೂರು ಬರತೊಡಗಿತು. ಕಾರ್ಖಾನೆ ಪ್ರತಿ ಪೊಟ್ಟಣದಲ್ಲೂ ಒಂದು ಕ್ಲಿಪ್ ಇಟ್ಟು, "ಏಡಿಯ ಅಪ್ಪಟ ರುಚಿಗಾಗಿ ತಿನ್ನುವ ಮುನ್ನ ಧರಿಸತಕ್ಕದ್ದು" ಎಂದು ಮುದ್ರಿಸಿತು. ದೂರು ನಿಂತಿತು. ಜನ ಬಸ್ಸಿನಲ್ಲಿ, ಬ್ಯಾಂಕಿನಲ್ಲಿ ಕ್ಲಿಪ್ ಹಾಕಿಕೊಂಡೇ ಓಡಾಡಿದರು. ಮದುವೆ ಮನೆಗಳಿಗೆ ಬಂಗಾರದ ಬಣ್ಣದ್ದು ಬಂತು.

ಮೂಗಿನಕ್ಕ ಒಂದು ಅರ್ಜಿ ಹಾಕಿದಳು: ಭಾನುವಾರದ ಮಟ್ಟಿಗೆ, ಸ್ವಂತ ಬಳಕೆಗೆ, ಮೂಗು ಬೇಕು. ಮಂಜೂರಾಯಿತು. ಷರತ್ತು ಒಂದೇ, ವಾಸನೆ ಕಂಡುಬಂದಲ್ಲಿ ಯಾರಿಗೂ ಹೇಳತಕ್ಕದ್ದಲ್ಲ.

ಭಾನುವಾರ ಕ್ಲಿಪ್ ತೆಗೆದಿಟ್ಟು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೆತ್ತಿಗೆ ಮೂಗಿಟ್ಟಳು. ಮಗು ಆಗಷ್ಟೇ ಸ್ನಾನ ಮಾಡಿತ್ತು. ಪುಕ್ಕಟೆ ಏಡಿ ತಿಂದು ಬೆಳೆಯುತ್ತಿದ್ದ ಅದರ ನೆತ್ತಿಯಲ್ಲಿ, ಸೋಪಿನ ಕೆಳಗೆ, ಮೀನು ಬಿಟ್ಟು ಬೇರೇನೂ ಇರಲಿಲ್ಲ. ಅವಳ ಕಣ್ಣು ತುಂಬಿ ಬಂತು.

"ಯಾಕಜ್ಜಿ? ನಾನು ಚೆನ್ನಾಗಿಲ್ವಾ?" ಎಂದಿತು ಮಗು, ತನ್ನ ಮೂಗಿನ ಕ್ಲಿಪ್ಪಿನೊಳಗಿಂದ.

"ಪಾಸು, ಕಂದ," ಎಂದು ಅಜ್ಜಿ ತನ್ನ ಕ್ಲಿಪ್ಪನ್ನು ಹುಡುಕಿ ಮತ್ತೆ ಹಾಕಿಕೊಂಡಳು.